ಮೇವಿನ ದ್ವಿದಳಕ್ಕೆ ರಾಕ್ ಫಾಸ್ಫೇಟೋ, ಸೂಪರ್ ಫಾಸ್ಫೇಟೋ? ಮೊದಲು ಮಣ್ಣಿನ ಹುಳಿ ನೋಡಿ

ಮಲೆನಾಡಿನಲ್ಲಿ ಅಡಿಕೆ ತೋಟ ಇರುವ ಮನೆಗೆ ರಾಕ್ ಫಾಸ್ಫೇಟ್ ಹೊಸ ಹೆಸರಲ್ಲ. ಮರಕ್ಕೆ ವರ್ಷಕ್ಕೆ 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 240 ಗ್ರಾಂ ಪೊಟ್ಯಾಷ್ ಅನ್ನುವ ಲೆಕ್ಕ ಎಷ್ಟೋ ಜನರಿಗೆ ಬಾಯಿಪಾಠ. ತೋಟಕ್ಕೆ ಹಾಕಿ ಉಳಿದ ಅರ್ಧ ಚೀಲ ಕೊಟ್ಟಿಗೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಹಿಂಡಿಯ ಖರ್ಚು ತಾಳಲಾರದೆ ಹತ್ತು ಗುಂಟೆ ಸ್ಟೈಲೋನೋ, ಬೇಲಿ ಮೆಂತೆಯನ್ನೋ, ಮೇವಿನ ಅಲಸಂದೆಯನ್ನೋ, ಇಂಥ ಯಾವುದಾದರೂ ಮೇವಿನ ದ್ವಿದಳ ಹಾಕಲು ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇದೇ ಕಲ್ಲುಪುಡಿಯನ್ನು ಅಲ್ಲಿಗೂ ಚೆಲ್ಲಿದರೆ ಸಾಕಾ, ಸೂಪರ್ ಫಾಸ್ಫೇಟ್ ತರಬೇಕಾ, ಇಲ್ಲ ಡಿಎಪಿ (ರಂಜಕದ ಜೊತೆ ಸಾರಜನಕವೂ ಇರುವ ಗೊಬ್ಬರ) ಬೇಕಾ?

ಚೀಲದ ಬೆಲೆ ನೋಡಿ ಇದನ್ನು ತೀರ್ಮಾನ ಮಾಡಬೇಡಿ. ಮೊದಲು ಮಣ್ಣು ಎಷ್ಟು ಹುಳಿ ಅಂತ ನೋಡಿ. ಆಮೇಲೆ ಬೆಳೆ ಎಷ್ಟು ಕಾಲ ನೆಲದಲ್ಲಿ ನಿಲ್ಲುತ್ತದೆ ಅಂತ ನೋಡಿ. ಈ ಎರಡು ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಂತೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಗದಗ ಕಡೆಯ ಗೆಳೆಯರೊಬ್ಬರು ಎರೆ (ಕಪ್ಪು ಮಣ್ಣಿನ) ಹೊಲದ ಒಂದು ಮೂಲೆಯಲ್ಲಿ ಕುದುರೆ ಮೆಂತೆ (ಲೂಸರ್ನ್) ಹಾಕಿದ್ದರು. ನಮ್ಮಲ್ಲಿ ಸ್ಟೈಲೋ ಚೆನ್ನಾಗಿ ಬಂದಿದೆ, ನೀವೂ ರಾಕ್ ಫಾಸ್ಫೇಟ್ ಹಾಕಿ ಅಂತ ಫೋನಿನಲ್ಲಿ ಹೇಳಿಬಿಟ್ಟೆ. ಅವರು ನಂಬಿ ಹಾಕಿದರು. ಹಾಕಿದ ಪಾತಿಗೂ ಹಾಕದ ಪಾತಿಗೂ ಒಂದು ಎಲೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಗೊಬ್ಬರ ಕೆಟ್ಟದ್ದಾಗಿರಲಿಲ್ಲ. ಆ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ, ಅಷ್ಟೇ. ಅವರ ದುಡ್ಡು, ಅವರ ಒಂದು ಹಂಗಾಮು ಎರಡೂ ನನ್ನ ಮಾತಿನಿಂದ ಹೋಯಿತು. ಆ ಬೇಸರ ಇನ್ನೂ ಇದೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕಲ್ಲನ್ನು ಕರಗಿಸುವವರು ಯಾರು?

ರಾಕ್ ಫಾಸ್ಫೇಟ್ ಅಂದರೆ ರಂಜಕ (ಫಾಸ್ಫರಸ್) ತುಂಬಿದ ಅಪಟೈಟ್ ಅನ್ನುವ ಖನಿಜ ಇರುವ ಕಲ್ಲು. ನಮ್ಮ ದೇಶದಲ್ಲಿ ಇದರ ದೊಡ್ಡ ಗಣಿ ರಾಜಸ್ಥಾನದ ಉದಯಪುರದ ಹತ್ತಿರ ಝಾಮರಕೋಟ್ರಾದಲ್ಲಿದೆ. ಮಸ್ಸೂರಿ, ಪುರುಲಿಯಾ, ಝಾಬುವಾ ಕಡೆಯೂ ನಿಕ್ಷೇಪಗಳಿವೆ. ಕಲ್ಲನ್ನು ಸುಮ್ನೆ ನುಣ್ಣಗೆ ಬೀಸಿ ಚೀಲಕ್ಕೆ ತುಂಬಿದರೆ ಅದೇ ರಾಕ್ ಫಾಸ್ಫೇಟ್ ಗೊಬ್ಬರ. ಅದೇ ಪುಡಿಗೆ ಕಾರ್ಖಾನೆಯಲ್ಲಿ ಗಂಧಕಾಮ್ಲ ಹಾಕಿದರೆ ಸಿಂಗಲ್ ಸೂಪರ್ ಫಾಸ್ಫೇಟ್. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಇದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಮೂಲ ವಿಧಾನ ಅದೇ.

ಅಂದರೆ ಎರಡೂ ಒಂದೇ ಕಲ್ಲಿನ ಮಕ್ಕಳು. ಸೂಪರ್‌ನಲ್ಲಿ ಕರಗಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿದೆ. ರಾಕ್ ಫಾಸ್ಫೇಟ್‌ನಲ್ಲಿ ಆ ಕೆಲಸವನ್ನು ನಿಮ್ಮ ಮಣ್ಣೇ ಮಾಡಬೇಕು. ಅದಕ್ಕೆ ಮಣ್ಣಿನಲ್ಲಿ ಹುಳಿ ಇರಬೇಕು, ತೇವ ಇರಬೇಕು, ಮೊದಲೇ ಸುಣ್ಣದ ಅಂಶ ತುಂಬಿರಬಾರದು. ಪಿಎಚ್, ಅಂದರೆ ರಸಸಾರ 5.5ಕ್ಕಿಂತ ಕೆಳಗಿದ್ದರೆ ಕಲ್ಲು ಚೆನ್ನಾಗಿ ಕರಗುತ್ತದೆ. 6ರ ಹತ್ತಿರ ಬಂದಂತೆ ನಿಧಾನವಾಗುತ್ತದೆ. 7 ದಾಟಿದರೆ ಆ ಪುಡಿ ಹೊಲದಲ್ಲಿ ಪುಡಿಯಾಗಿಯೇ ಇರುತ್ತದೆ. ಗದಗ, ಧಾರವಾಡ, ವಿಜಯಪುರದ ಎರೆ ಮಣ್ಣಿನಲ್ಲಿ ರಸಸಾರ 8ರ ಆಸುಪಾಸು ಇರುವುದು ಸಾಮಾನ್ಯ, ಜೊತೆಗೆ ಸುಣ್ಣಕಲ್ಲಿನ ಹರಳು ಬೇರೆ. ಅಲ್ಲಿ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ದ್ವಿದಳ ಬೆಳೆಗೆ ಇಲ್ಲಿ ಒಂದು ವಿಶೇಷ ಇದೆ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಬೇರುಗಂಟಿನಿಂದ ಗಾಳಿಯ ಸಾರಜನಕ ಹಿಡಿಯುವ ಗಿಡ ಮಣ್ಣಿನಿಂದ ನೈಟ್ರೇಟ್ ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಕ್ಯಾಲ್ಸಿಯಂ, ಪೊಟ್ಯಾಷಿಯಂ ಥರದ್ದನ್ನು ಜಾಸ್ತಿ ಎಳೆಯುತ್ತದೆ. ಆ ವಿದ್ಯುದಂಶದ ಲೆಕ್ಕ ಸರಿದೂಗಿಸಲು ಬೇರು ಹುಳಿಯನ್ನು ಹೊರಗೆ ಬಿಡುತ್ತದೆ. ಹಾಗಾಗಿ ಬೇರಿನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣು ಉಳಿದ ಮಣ್ಣಿಗಿಂತ ಹುಳಿಯಾಗುತ್ತದೆ. ಕಲ್ಲು ಕರಗಲು ಬೇಕಾದದ್ದೂ ಅದೇ. ಕರಗಿದಾಗ ಬರುವ ಕ್ಯಾಲ್ಸಿಯಂ ಅನ್ನೂ ಗಿಡ ಎಳೆದುಕೊಳ್ಳುವುದರಿಂದ ಇನ್ನಷ್ಟು ಕರಗಲು ದಾರಿಯಾಗುತ್ತದೆ. ನೈಟ್ರೇಟ್ ತಿಂದು ಬೆಳೆಯುವ ಜೋಳಕ್ಕೆ ಈ ಅನುಕೂಲ ಇಲ್ಲ. ಒಂದೇ ಹೊಲದಲ್ಲಿ, ಒಂದೇ ಪುಡಿಯಿಂದ ದ್ವಿದಳ ಹೆಚ್ಚು ರಂಜಕ ತೆಗೆಯಬಲ್ಲದು ಅನ್ನುವುದು ಇದಕ್ಕೇ. ಆದರೆ ಎರೆ ಹೊಲದಲ್ಲಿ ಈ ಹುಳಿಯನ್ನು ಮಣ್ಣಿನ ಸುಣ್ಣ ನುಂಗಿಬಿಡುತ್ತದೆ. ಬೇರಿನ ಶಕ್ತಿಗೂ ಒಂದು ಮಿತಿ ಇದೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಮೇವಿಗೆ ರಂಜಕ ಹಾಕಲೇಬೇಕಾ ಅಂತ ಕೇಳುವವರಿಗೆ ಒಂದು ಮಾತು. ರಂಜಕ ಇಲ್ಲದ ದ್ವಿದಳಕ್ಕೆ ಬೇರುಗಂಟು ಸರಿಯಾಗಿ ಕಟ್ಟುವುದಿಲ್ಲ. ಗಂಟಿಲ್ಲದಿದ್ದರೆ ಸಾರಜನಕ ಇಲ್ಲ, ಸಾರಜನಕ ಇಲ್ಲದಿದ್ದರೆ ಮೇವಿನಲ್ಲಿ ಪ್ರೋಟೀನ್ ಇಲ್ಲ. ಹಿಂಡಿ ಉಳಿಸಲು ಹಾಕಿದ ಬೆಳೆ ಹಿಂಡಿ ಉಳಿಸುವುದೇ ಇಲ್ಲ. ಹಸುವಿಗೂ ತೊಂದರೆ: ರಂಜಕ ಕೊರತೆಯಾದ ದನ ಮೂಳೆ, ಕಟ್ಟಿಗೆ, ಬಟ್ಟೆ ಕಡಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಸುಮಾರು ನೂರು ವರ್ಷದ ಹಿಂದೆ ಆರ್ನಾಲ್ಡ್ ಥೈಲರ್ ಎಂಬ ಪಶುವೈದ್ಯ ಇದನ್ನೇ ಹುಡುಕಿ ತೋರಿಸಿದರು. ರಂಜಕವಿಲ್ಲದ ಹುಲ್ಲು ಮೇಯ್ದ ದನಗಳು ಸತ್ತ ಪ್ರಾಣಿಗಳ ಮೂಳೆ ಕಡಿದು, ಅದರಲ್ಲಿದ್ದ ವಿಷದಿಂದ ಕೈಕಾಲು ಬಿದ್ದು ಸಾಯುತ್ತಿದ್ದವು. ನಿಮ್ಮ ದನ ಬೇಲಿಗೂಟ ಕಡಿಯುತ್ತಿದ್ದರೆ ಬೈಯುವ ಮೊದಲು ಮೇವಿನ ಬಗ್ಗೆ ಯೋಚಿಸಿ.

ಯಾವ ಮಣ್ಣಿಗೆ, ಯಾವ ಬೆಳೆಗೆ ಯಾವುದು

ಕರಾವಳಿ, ಮಲೆನಾಡು, ಕೊಡಗಿನ ಚಿರೆಕಲ್ಲು ಸೀಮೆಯ ಕೆಂಪು ಮಣ್ಣು. ರಸಸಾರ ಹೆಚ್ಚಾಗಿ 5ರಿಂದ 5.5ರ ನಡುವೆ, ಮಳೆ ಬೇಕಾದಷ್ಟು. ಇಲ್ಲಿ ಸ್ಟೈಲೋ, ಬೇಲಿ ಮೆಂತೆಯಂತಹ ವರ್ಷಗಟ್ಟಲೆ ನಿಲ್ಲುವ ಬೆಳೆಗೆ ನನ್ನ ಆಯ್ಕೆ ರಾಕ್ ಫಾಸ್ಫೇಟೇ. ಅದರಲ್ಲೂ ಸ್ಟೈಲೋ ಮೂಲದಲ್ಲಿ ದಕ್ಷಿಣ ಅಮೆರಿಕದ ಬಡ, ಹುಳಿ ಮಣ್ಣಿನ ಗಿಡ. ನಮ್ಮ ಬೇಣಕ್ಕೆ (ಹುಲ್ಲುಗಾವಲಿಗೆ) ಅದು ಹೊಂದಿಕೊಳ್ಳುವುದು ಅದಕ್ಕೇ. ಈ ಮಣ್ಣಿನಲ್ಲಿ ಇನ್ನೊಂದು ಸಂಗತಿ ಇದೆ: ಕಬ್ಬಿಣ, ಅಲ್ಯೂಮಿನಿಯಂ ತುಂಬಿರುವುದರಿಂದ ಸೂಪರ್ ಅಥವಾ ಡಿಎಪಿಯಲ್ಲಿ ತಕ್ಷಣ ಕರಗುವ ರಂಜಕವನ್ನು ಮಣ್ಣು ಹಿಡಿದುಕೊಂಡು ಬಿಡುತ್ತದೆ. ಗಿಡಕ್ಕೆ ಸಿಗುವುದು ಸ್ವಲ್ಪವೇ. ಕಲ್ಲು ನಿಧಾನವಾಗಿ, ಸ್ವಲ್ಪ ಸ್ವಲ್ಪ ಬಿಡುವುದರಿಂದ ಬೇರು ಬಂದಾಗ ಸಿಗುವ ಅವಕಾಶ ಇರುತ್ತದೆ. ರಬ್ಬರ್ ತೋಟದಲ್ಲಿ ನೆಲ ಮುಚ್ಚಲು ಪ್ಯುರೇರಿಯಾ ಬಳ್ಳಿ ಬೆಳೆಸುವವರೂ ಇದೇ ಪುಡಿ ಹಾಕುತ್ತಾರೆ. ಅದೂ ದ್ವಿದಳವೇ, ಅದೂ ಹುಳಿ ಮಣ್ಣೇ.

ಅದೇ ಮಲೆನಾಡಿನ ಮಣ್ಣಿನಲ್ಲಿ ಮೇವಿನ ಅಲಸಂದೆ ಹಾಕುವುದಾದರೆ ಲೆಕ್ಕ ಬೇರೆ. ಅಲಸಂದೆ ಎರಡು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಕಲ್ಲು ಕರಗುವವರೆಗೆ ಅದು ಕಾಯುವುದಿಲ್ಲ. ಸೂಪರ್ ಹಾಕಿ. ಇಲ್ಲವೇ ಮೂರರಲ್ಲಿ ಒಂದು ಪಾಲು ಸೂಪರ್, ಎರಡು ಪಾಲು ರಾಕ್ ಹಾಕಿ. ಮೊದಲ ಬೆಳೆಗೆ ಸೂಪರ್ ಕೈಹಿಡಿಯುತ್ತದೆ, ರಾಕ್ ಮುಂದಿನ ಬೆಳೆಗಳಿಗೆ ಉಳಿಯುತ್ತದೆ. ಬಹುವಾರ್ಷಿಕ ಬೆಳೆಗೂ ಮೊದಲ ವರ್ಷ ಹೀಗೆ ಬೆರೆಸಿ ಹಾಕುವುದು ಒಳ್ಳೆಯದು ಅಂತ ನನ್ನ ಅನುಭವ. ಎಳೆ ಗಿಡಕ್ಕೆ ಬೇರು ಕಡಿಮೆ, ಹಸಿವು ಜಾಸ್ತಿ.

ತುಮಕೂರು, ಕೋಲಾರ, ಹಾಸನದ ಬಯಲು ಕಡೆಯ ಕೆಂಪು ಮಣ್ಣು, ಉತ್ತರ ಕರ್ನಾಟಕದವರು ಹೇಳುವ ಮಸಾರಿ: ಇಲ್ಲಿ ಕಣ್ಣಿನಲ್ಲಿ ನೋಡಿ ಏನೂ ಹೇಳಲು ಆಗುವುದಿಲ್ಲ. ಒಂದು ಹೊಲ 5.8 ಇದ್ದರೆ ಪಕ್ಕದ್ದು 7.2 ಇರಬಹುದು. ಬೋರ್‌ವೆಲ್ ನೀರು ವರ್ಷಗಟ್ಟಲೆ ಹಾಯಿಸಿದ ಜಾಗ ಇನ್ನೂ ಮೇಲೇರಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ರಾಕ್ ಫಾಸ್ಫೇಟ್ ಕೊಳ್ಳಬೇಡಿ. ಮಣ್ಣು ಆರೋಗ್ಯ ಚೀಟಿ ಮನೆಯಲ್ಲಿದ್ದರೆ ತೆಗೆದು ನೋಡಿ, ರಸಸಾರ ಅದರಲ್ಲಿ ಬರೆದಿರುತ್ತದೆ. ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ.

ಎರೆ ಮಣ್ಣಿಗೆ ಸೂಪರ್ ಅಥವಾ ಡಿಎಪಿ, ಬೇರೆ ಮಾತಿಲ್ಲ. ಎರೆಗೆ ಒಗ್ಗುವ ಮೇವಿನ ದ್ವಿದಳ ಬೇಕು ಅನ್ನುವವರು ಕುದುರೆ ಮೆಂತೆ ಒಂದಕ್ಕೇ ನಿಲ್ಲದೆ ಶಂಖಪುಷ್ಪವನ್ನೂ ನೋಡಬಹುದು. ದೇವರಿಗೆ ಹೂ ಕೊಯ್ಯುವ ಅದೇ ನೀಲಿ ಹೂವಿನ ಬಳ್ಳಿ ಎರೆ ನೆಲದಲ್ಲಿ ಒಳ್ಳೆಯ ಮೇವು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇದೆ, ಆ ಕಡೆಯವರು ಒಮ್ಮೆ ಹೋಗಿ ಬನ್ನಿ.

ಈಗ ಕುದುರೆ ಮೆಂತೆಯ ಕಥೆ. ಎಲ್ಲರಿಗೂ ಅದೇ ಬೇಕು, ಮಲೆನಾಡಿನವರಿಗೂ. ಆದರೆ ಅದಕ್ಕೂ ಅದರ ಬೇರುಗಂಟಿನ ಬ್ಯಾಕ್ಟೀರಿಯಾಕ್ಕೂ ಹುಳಿ ಮಣ್ಣು ಆಗುವುದಿಲ್ಲ. ರಸಸಾರ 6.5 ದಾಟಿದರೆ ಅದಕ್ಕೆ ಸುಖ. ಹುಳಿ ಮಣ್ಣಿನಲ್ಲಿ ಬೆಳೆಸಬೇಕಾದರೆ ಸುಣ್ಣ ಹಾಕಬೇಕು. ಸುಣ್ಣ ಹಾಕಿದರೆ ರಾಕ್ ಫಾಸ್ಫೇಟ್ ಕರಗುವುದಿಲ್ಲ. ಅಂದರೆ ಕುದುರೆ ಮೆಂತೆ ಚೆನ್ನಾಗಿ ಬೆಳೆಯುವ ಕಡೆ ಈ ಪುಡಿ ಕೆಲಸ ಮಾಡುವುದಿಲ್ಲ, ಪುಡಿ ಕೆಲಸ ಮಾಡುವ ಕಡೆ ಕುದುರೆ ಮೆಂತೆ ಬೆಳೆಯುವುದಿಲ್ಲ. ಮೇವಿನ ದ್ವಿದಳಕ್ಕೆಲ್ಲ ರಾಕ್ ಫಾಸ್ಫೇಟ್ ಒಳ್ಳೆಯದು ಅಂತ ಒಟ್ಟಾರೆ ಹೇಳುವವರು ಮರೆಯುವುದು ಇದನ್ನೇ. ಕುದುರೆ ಮೆಂತೆಗೆ ಯಾವ ಊರಾದರೂ ಸೂಪರ್ ಫಾಸ್ಫೇಟ್ ತನ್ನಿ.

ಹೊರದೇಶದ ಲೆಕ್ಕ ಓದಿದವರಿಗೂ ಒಂದು ಎಚ್ಚರಿಕೆ. ನ್ಯೂಜಿಲೆಂಡಿನಲ್ಲಿ ಕ್ಲೋವರ್ ಎಂಬ ದ್ವಿದಳ ಇರುವ ಹುಲ್ಲುಗಾವಲಿಗೆ ರಾಕ್ ಫಾಸ್ಫೇಟ್ ನೇರವಾಗಿ ಹಾಕುತ್ತಾರೆ. ರಸಸಾರ 6ಕ್ಕಿಂತ ಕಡಿಮೆ, ಮಳೆ ವರ್ಷಕ್ಕೆ 800 ಮಿ.ಮೀ.ಗಿಂತ ಜಾಸ್ತಿ ಇರಬೇಕು ಅನ್ನುವುದು ಅಲ್ಲಿನ ನಿಯಮ. ಮಲೆನಾಡು ಎರಡರಲ್ಲೂ ಪಾಸ್. ಆದರೆ ಅವರು ಬಳಸುವುದು ಪೆರುವಿನ ಸೆಚುರಾ, ಟುನೀಷಿಯಾದ ಗಾಫ್ಸಾ ಥರದ ಮೆದು ಕಲ್ಲು. ನಮ್ಮ ಉದಯಪುರದ ಕಲ್ಲು ಅದಕ್ಕಿಂತ ಗಟ್ಟಿ, ಕರಗುವುದು ನಿಧಾನ. ಅವರ ಫಲಿತಾಂಶ ಅಷ್ಟೇ ವೇಗವಾಗಿ ನಮ್ಮಲ್ಲಿ ಬರುವುದಿಲ್ಲ.

ಚೀಲದ ಲೆಕ್ಕ

ಉದಾಹರಣೆಗೆ ಎಕರೆಗೆ 24 ಕೆ.ಜಿ. ರಂಜಕ (ಚೀಲದ ಮೇಲೆ P2O5 ಅಂತ ಬರೆಯುವ ಲೆಕ್ಕದಲ್ಲಿ) ಬೇಕು ಅಂತ ಇಟ್ಟುಕೊಳ್ಳಿ, ಅಂದರೆ ಹತ್ತು ಗುಂಟೆಗೆ 6 ಕೆ.ಜಿ. ಶೇ. 18 ಇರುವ ರಾಕ್ ಫಾಸ್ಫೇಟ್ ಆದರೆ 33 ಕೆ.ಜಿ. ಬೇಕು. ಶೇ. 16ರ ಸೂಪರ್ ಆದರೆ ಮೂವತ್ತೇಳೂವರೆ ಕೆ.ಜಿ. ಶೇ. 46ರ ಡಿಎಪಿ ಆದರೆ 13 ಕೆ.ಜಿ. ಮಾತ್ರ. ನಿಮ್ಮೂರಿನ ದರ ಹಾಕಿ ಗುಣಿಸಿ ನೋಡಿ. ರಾಕ್ ಅಗ್ಗ ಕಾಣುತ್ತದೆ. ಆದರೆ ರಾಕ್‌ನ ಶೇ. 18 ಅನ್ನುವುದು ಒಟ್ಟು ರಂಜಕ, ಈ ವರ್ಷ ಗಿಡಕ್ಕೆ ಸಿಗುವ ರಂಜಕ ಅಲ್ಲ. ಹಾಗಾಗಿ ರಾಕ್ ಹಾಕುವವರು ಎರಡು-ಮೂರು ವರ್ಷದ್ದನ್ನು ಒಟ್ಟಿಗೇ ಮೊದಲೇ ಹಾಕಿ ಮಣ್ಣಿಗೆ ಸೇರಿಸುವುದು ವಾಸಿ. ಬೆಳೆ ನಿಂತ ಮೇಲೆ ಮೇಲಿಂದ ಚೆಲ್ಲಿದರೆ ಉಪಯೋಗ ಕಡಿಮೆ.

ಸೂಪರ್‌ನಲ್ಲಿ ರಂಜಕದ ಜೊತೆ ಸುಮಾರು ಶೇ. 11 ಗಂಧಕವೂ ಬರುತ್ತದೆ. ಇದನ್ನು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ದ್ವಿದಳಕ್ಕೆ ಪ್ರೋಟೀನ್ ಕಟ್ಟಲು ಗಂಧಕ ಬೇಕು. ರಾಕ್‌ನಲ್ಲಿ ಅದು ಇಲ್ಲ, ಡಿಎಪಿಯಲ್ಲೂ ಇಲ್ಲ. ರಾಕ್ ಹಾಕುವವರು ಗಂಧಕದ ಪುಡಿಯನ್ನೂ ಸ್ವಲ್ಪ ಬೆರೆಸಿದರೆ ಎರಡು ಲಾಭ: ಗಿಡಕ್ಕೆ ಗಂಧಕ ಸಿಗುತ್ತದೆ, ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲ ಮಾಡುತ್ತವೆ, ಅದು ಪಕ್ಕದಲ್ಲೇ ಇರುವ ಕಲ್ಲನ್ನು ಕರಗಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಐದು ಪಾಲು ರಾಕ್‌ಗೆ ಒಂದು ಪಾಲು ಗಂಧಕ ಸೇರಿಸಿ, ಆ ಬ್ಯಾಕ್ಟೀರಿಯಾವನ್ನೂ ಬೆರೆಸಿ ‘ಬಯೋಸೂಪರ್’ ಅಂತ ಮಾಡಿದ್ದರು.

ಡಿಎಪಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊರುವುದು ಸುಲಭ, ಬೇಗ ಸಿಗುತ್ತದೆ. ಆದರೆ ಅದರ ಸಾರಜನಕಕ್ಕೂ ನೀವು ದುಡ್ಡು ಕೊಡುತ್ತೀರಿ, ದ್ವಿದಳಕ್ಕೆ ಅದು ಆರಂಭದಲ್ಲಿ ಸ್ವಲ್ಪ ಸಾಕು. ಬೀಜಕ್ಕೆ ತಾಗಿದರೆ ಮೊಳಕೆಗೂ ಪೆಟ್ಟು.

ಹಾಕುವ ರೀತಿ ಎರಡಕ್ಕೂ ಉಲ್ಟಾ

ಹುಳಿ ಮಣ್ಣಿನಲ್ಲಿ ಸೂಪರ್ ಅನ್ನು ಸಾಲಿನಲ್ಲಿ, ಒಂದೇ ಕಡೆ, ಬೀಜದಿಂದ ಸ್ವಲ್ಪ ದೂರ ಹಾಕಬೇಕು. ಮಣ್ಣಿಗೆ ತಾಗುವುದು ಕಡಿಮೆಯಾದಷ್ಟೂ ಮಣ್ಣು ಹಿಡಿದುಕೊಳ್ಳುವುದು ಕಡಿಮೆ. ರಾಕ್ ಅನ್ನು ಇಡೀ ಹೊಲಕ್ಕೆ ತೆಳ್ಳಗೆ ಹರಡಿ ಉಳುಮೆಯಲ್ಲಿ ಬೆರೆಸಬೇಕು. ಪ್ರತಿ ಕಣಕ್ಕೂ ಹುಳಿ ತಾಗಬೇಕು. ಎಷ್ಟೋ ಜನ ರಾಕ್ ಅನ್ನು ಗುಪ್ಪೆ ಗುಪ್ಪೆಯಾಗಿ ಸಾಲಿಗೆ ಸುರಿದು ಏನೂ ಆಗಲಿಲ್ಲ ಅನ್ನುತ್ತಾರೆ. ಮೇ ಕೊನೆಯ ಮಳೆ ಬಿದ್ದು ನೆಲ ಹದವಾದಾಗ ಹಾಕಿ ಬೆರೆಸಿಬಿಡಿ. ಜುಲೈ ಮಳೆಯಲ್ಲಿ ಇಳಿಜಾರಿನ ಮೇಲೆ ಚೆಲ್ಲಿದರೆ ಹಳ್ಳಕ್ಕೆ ಹೋಗುತ್ತದೆ.

ಕೊಳ್ಳುವಾಗ ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಹಿಟ್ಟಿನ ಹಾಗೆ ನುಣ್ಣಗಿರಬೇಕು. ಸರ್ಕಾರದ ರಸಗೊಬ್ಬರ ನಿಯಮದ ಪ್ರಕಾರ ಒಟ್ಟು ರಂಜಕ ಕನಿಷ್ಠ ಶೇ. 18 ಇರಬೇಕು, ಪುಡಿಯ ಶೇ. 90 ಭಾಗ 0.15 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಮರಳಿನ ಹಾಗೆ ತರಿತರಿ ಇದ್ದರೆ ವಾಪಸ್ ಕೊಡಿ, ಅದು ಕರಗಲು ನಿಮ್ಮ ಮೊಮ್ಮಕ್ಕಳ ಕಾಲ ಬೇಕು.

ಬೀಜಕ್ಕೂ ಈ ಪುಡಿ ಉಪಯೋಗಕ್ಕೆ ಬರುತ್ತದೆ. ಸ್ಟೈಲೋ, ಅಲಸಂದೆ ಬೀಜಕ್ಕೆ ತಣ್ಣಗಾದ ಗಂಜಿಯಲ್ಲಿ ರೈಜೋಬಿಯಂ (ಬೇರುಗಂಟಿನ ಬ್ಯಾಕ್ಟೀರಿಯಾ) ಕಲಸಿ ಹಚ್ಚಿ, ಆಮೇಲೆ ರಾಕ್ ಫಾಸ್ಫೇಟ್ ಪುಡಿಯಲ್ಲಿ ಉರುಳಿಸಿ ನೆರಳಲ್ಲಿ ಒಣಗಿಸಿ. ಸೂಪರ್ ಪುಡಿಯಲ್ಲಿ ಮಾತ್ರ ಹೊರಳಿಸಬೇಡಿ, ಅದರಲ್ಲಿ ಉಳಿದ ಆಮ್ಲಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ.

ಕೊಟ್ಟಿಗೆ ದಾರಿ

ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ನಮ್ಮಲ್ಲಿ ಹೇಗೂ ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತೇವೆ, ಸಗಣಿ ಗಂಜಲದ ಜೊತೆ ಅದು ಗುಂಡಿಗೆ ಹೋಗುತ್ತದೆ. ಪ್ರತಿ ಪದರದ ಮೇಲೆ ಎರಡು ಹಿಡಿ ರಾಕ್ ಫಾಸ್ಫೇಟ್ ಉದುರಿಸುತ್ತಾ ಹೋಗಿ. ಕೊಳೆಯುವಾಗ ಬರುವ ಹುಳಿಗಳು, ಶಿಲೀಂಧ್ರಗಳು ಕಲ್ಲನ್ನು ಮೆಲ್ಲಗೆ ಬಿಡಿಸುತ್ತವೆ. ಕೊಳೆತ ಗೊಬ್ಬರ ಮಣ್ಣಿನ ಕಬ್ಬಿಣದ ಹಿಡಿತವನ್ನೂ ಸಡಿಲ ಮಾಡುತ್ತದೆ. ಗುಂಡಿ ತುಂಬಿದ ಮೇಲೆ ರಂಜಕ ಕರಗಿಸುವ ಜೀವಾಣು ಸಿಕ್ಕಿದರೆ ಸೇರಿಸಿ, ನಾಲ್ಕು ತಿಂಗಳು ಬಿಡಿ. ರಸಸಾರ ಸ್ವಲ್ಪ ಜಾಸ್ತಿ ಇರುವ ಬಯಲುಸೀಮೆಯವರು ರಾಕ್ ಬಳಸಲೇಬೇಕು ಅಂದರೆ, ಸಾವಯವ ಪ್ರಮಾಣಪತ್ರಕ್ಕಾಗಿ ಸೂಪರ್ ಮುಟ್ಟುವ ಹಾಗಿಲ್ಲ ಅಂದರೆ, ಇದೇ ದಾರಿ. ಅಂಗಡಿಯಲ್ಲಿ ‘ಪ್ರೋಮ್’ ಅಂತ ಸಿಗುವುದೂ ಇದೇ ಜಾತಿಯ ಗೊಬ್ಬರ, ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು.

ಒಂದು ತಪ್ಪು ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುತ್ತದೆ: ಬಚ್ಚಲೊಲೆ ಬೂದಿಯನ್ನು ಅದೇ ಗುಂಡಿಗೆ ಸುರಿಯುವುದು. ಬೂದಿ ಹುಳಿಯನ್ನು ಕೊಲ್ಲುತ್ತದೆ. ರಾಕ್ ಹಾಕಿದ ಗುಂಡಿಗೆ ಬೂದಿ ಬೇಡ, ಬೇರೆ ಕಡೆ ಹಾಕಿ. ಹೊಲಕ್ಕೆ ಸುಣ್ಣ ಹಾಕುವ ಅಗತ್ಯ ಇದ್ದರೂ ಹಾಗೇ, ಮೊದಲು ರಾಕ್ ಬೆರೆಸಿ ಒಂದು ಮಳೆಗಾಲ ಕಳೆಯಲಿ, ಸುಣ್ಣ ಆಮೇಲೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ದನಕ್ಕೆ ರಂಜಕ ಕೊರತೆ ಅಂತ ಗೊತ್ತಾದ ಕೆಲವರು ಈ ಪುಡಿಯನ್ನೇ ಹಿಂಡಿಗೆ ಬೆರೆಸಲು ಹೊರಡುತ್ತಾರೆ. ಖಂಡಿತ ಬೇಡ. ಇದರಲ್ಲಿ ಶೇ. 3ರಷ್ಟು ಫ್ಲೋರೈಡ್ ಇರಬಹುದು, ದನದ ಹಲ್ಲು, ಮೂಳೆ, ಗಂಟು ಹಾಳಾಗುತ್ತವೆ. ದನಕ್ಕೆ ಪಶುವೈದ್ಯರು ಹೇಳುವ ಖನಿಜ ಮಿಶ್ರಣವನ್ನೇ ಕೊಡಿ. ಹಾಗೆಯೇ ಬೆಳೆದು ನಿಂತ ಮೇವಿನ ಮೇಲೆ ಪುಡಿ ಬಿದ್ದಿದ್ದರೆ ಒಳ್ಳೆಯ ಮಳೆ ಬಂದು ಎಲೆ ತೊಳೆಯುವವರೆಗೆ ಕೊಯ್ಯಬೇಡಿ, ದನ ಬಿಡಬೇಡಿ.

ಹಾಕಿದ್ದು ಕೆಲಸ ಮಾಡಿದೆಯಾ ಅಂತ ತಿಳಿಯಲು ಹೊಲದಲ್ಲಿ ಒಂದು ಗುಂಟೆಗೆ ಏನೂ ಹಾಕದೆ ಬಿಡಿ, ಇನ್ನೊಂದು ಗುಂಟೆಗೆ ಸೂಪರ್ ಮಾತ್ರ ಹಾಕಿ. ಬಿತ್ತಿ ನಲವತ್ತೈದು ದಿನ ಆದಾಗ ಮೂರೂ ಕಡೆಯಿಂದ ನಾಲ್ಕು ನಾಲ್ಕು ಗಿಡವನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಬಕೆಟ್ ನೀರಿನಲ್ಲಿ ಬೇರು ತೊಳೆದು ಗಂಟುಗಳನ್ನು ಎಣಿಸಿ, ಒಂದೆರಡನ್ನು ಉಗುರಲ್ಲಿ ಸೀಳಿ. ಒಳಗೆ ಎಳೆ ಕೆಂಪು ಬಣ್ಣ ಇದ್ದರೆ ಸಾರಜನಕ ಹಿಡಿಯುತ್ತಿದೆ. ಬಿಳಿಯೋ ಹಸಿರೋ ಇದ್ದರೆ ಇಲ್ಲ. ಆ ಮೂರು ರಾಶಿ ಬೇರುಗಳನ್ನು ಪಕ್ಕ ಪಕ್ಕ ಇಟ್ಟು ಫೋಟೋ ತೆಗೆದಿಟ್ಟುಕೊಳ್ಳಿ, ಎರಡನೇ ವರ್ಷ ಮಳೆಗಾಲದಲ್ಲಿ ಮತ್ತೆ ಅದೇ ಜಾಗದಿಂದ ಎತ್ತಿ ನೋಡಿ. ನಮ್ಮ ಬೇಣದಲ್ಲಿ ಮೊದಲ ವರ್ಷ ಸೂಪರ್ ಹಾಕಿದ ಗುಂಟೆ ಮುಂದಿತ್ತು. ಎರಡನೇ ವರ್ಷ ರಾಕ್ ಹಾಕಿದ ಸ್ಟೈಲೋ ಅದರ ಸಮಕ್ಕೆ ಬಂತು, ಏನೂ ಹಾಕದ ಗುಂಟೆ ಮಾತ್ರ ಇವತ್ತಿಗೂ ಮೊಣಕಾಲಿನವರೆಗೂ ಬಂದಿಲ್ಲ.